ಬಾಗ್ದಾದಿನ ಬಿಲ್ಲೆ

ಜೀಪು ಬಾಗಿಲ ಮುಂದೆ ನಿಂತಾಗ ಜಾನ್ ಬೀಯ ಬಲಗೈ ರಾಗಿ ಹಿಟ್ಟಿನ ಡಬ್ಬದೊಳಗೆ ಮೊಳಕೈವರೆಗೂ ಇಳಿದಿತ್ತು. ಬಟ್ಟೆ ಸುತ್ತಿದ ಗಂಟು ತಳ ಮುಟ್ಟಿತು. ಹಿಟ್ಟು ಸವರಿ, ಮುಚ್ಚಳ ಒತ್ತಿ, ಸೆರಗು ತಲೆಗೆಳೆದುಕೊಂಡು ಹೊರಗೆ ಬಂದಳು.

ಇಳಿದವರು ಮೂವರು. ಮದ್ದೂರಿನ ಪೊಲೀಸ್ ಪೇದೆ ಒಬ್ಬ. ಪ್ರಾಚ್ಯವಸ್ತು ಇಲಾಖೆಯವನೆಂದು ಗುರುತಿನ ಚೀಟಿ ತೋರಿಸಿದ ಯತೀಶ್ ಎಂಬ ಅಧಿಕಾರಿ. ಜೊತೆಗೆ ಕಪ್ಪು ಕೋಟಿನ, ಐವತ್ತು ದಾಟಿದ ಹೊರದೇಶದ ಹೆಂಗಸು.

"ಇವರು ಬಾಗ್ದಾದ್ ಮ್ಯೂಸಿಯಂನವರು" ಎಂದ ಯತೀಶ್.

ಜಾನ್ ಬೀ ಮೂವರನ್ನೂ ಒಳಜಗಲಿಯ ಚಾಪೆಯ ಮೇಲೆ ಕೂರಿಸಿದಳು. ತಾನು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಿಮ್ಮ ಯಜಮಾನರು ನಯಾಜ್ ಪಾಷಾ. ಯುದ್ಧದ ವರ್ಷ ಅಲ್ಲಿ ಲಾರಿ ಓಡಿಸ್ತಿದ್ದರು ಅಲ್ವಾಮ್ಮ?"

"ಊ ಸಾ. ಅವ್ರು ತೀರ್ಕಂಡು ಆರು ವರ್ಸ ಆಯ್ತು."

"ಬರುವಾಗ ಅಲ್ಲಿಂದ ಏನಾದರೂ ತಂದಿದ್ದರಾ?"

"ಒಂದು ಕಂಬ್ಳಿ, ಎಲ್ಡು ಸೆಂಟು ಬಾಟ್ಲಿ. ಕಂಬ್ಳಿನೂ ಅರ್ದೋಯ್ತು."

ಯತೀಶ್ ಅವಳ ಬಲಗೈ ನೋಡಿದ. ಮೊಳಕೈವರೆಗೂ ಹಿಟ್ಟು. "ಮುದ್ದೆಗೆ ಎಸರು ಇಟ್ಟಿದ್ದಿರೇನೋ. ತೊಂದರೆ ಕೊಟ್ಟೆವು" ಎಂದ. ಒಲೆ ಹಚ್ಚಿರಲೇ ಇಲ್ಲ. ನಡುಮನೆಯಾಚೆಗಿನ ಒಲೆ ಅವನು ಕೂತಲ್ಲಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಜಾನ್ ಬೀ ಸುಳ್ಳುಗಾತಿಯಲ್ಲ. ಆದರೆ ಸತ್ತ ಗಂಡನ ಹೆಸರಿಗೆ ಕಳ್ಳನೆಂಬ ಮಸಿ ಹತ್ತುವುದಾದರೆ ಯಾವ ಹೆಂಡತಿ ತಾನೇ ಬಾಯಿ ಬಿಟ್ಟಾಳು? ನಯಾಜ್ ಅವಳಿಗೆ ಹೇಳಿದ್ದು ಇಷ್ಟೇ. ಎರಡು ವರ್ಷದ ಮಗಳು ಆಲಿಯಾಗೆ ಹತ್ತು ದಿನದಿಂದ ಜ್ವರ ಇಳಿದಿಲ್ಲವೆಂದು ಊರಿಂದ ಫೋನು ಬಂದಿತ್ತು. ಊರು ದೂರ, ಸುತ್ತ ಲೂಟಿ. ಲಾರಿಯ ಪಕ್ಕದಲ್ಲಿ ಕೂತು ಅಳುತ್ತಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಯಾಕೆಂದು ಕೇಳಿದನಂತೆ. ಕೇಳಿಕೊಂಡು ಹೋದವನು ಮರಳಿ ಬಂದು, ಮಡಿಲಿಗೆ ಈ ಗಂಟು ಹಾಕಿ, ಹೆಸರು ಊರು ಬರೆದುಕೊಂಡು, ಗಡಿಬಿಡಿಯಲ್ಲಿ ಏನೇನೋ ಹೇಳಿ ಹೋದನಂತೆ. ನಯಾಜನ ಹರಕು ಅರಬ್ಬಿಗೆ ದಕ್ಕಿದ್ದು ಎರಡೇ: ಜೋಪಾನ, ನೀರು ಸೋಕಬಾರದು.

ಗಂಟಿನೊಳಗಿದ್ದದ್ದು ಅಂಗೈಯಗಲದ ಮಣ್ಣಿನ ಬಿಲ್ಲೆ. ಮೈತುಂಬ ಗೀರು, ಕೊಕ್ಕರೆ ಬೆಳ್ಳೂರಿನ ಕೆರೆಯ ಕೆಸರಲ್ಲಿ ಹಕ್ಕಿ ಓಡಾಡಿದ ಹಾಗೆ. ಬಾಗ್ದಾದಿನದು ಅಂದಮೇಲೆ ಹಳೇ ಕಾಲದ ಅರಬ್ಬಿಯೇ ಇರಬೇಕು, ದೇವರ ಮಾತೇ ಇರಬೇಕು ಎಂದು ಜಾನ್ ಬೀ ತಾನೇ ತೀರ್ಮಾನ ಮಾಡಿಬಿಟ್ಟಳು. ಕೈಕಾಲು ಮುಖ ತೊಳೆದು ವಜೂ ಮಾಡದೆ ಮುಟ್ಟುತ್ತಿರಲಿಲ್ಲ. ಆಲಿಯಾಗೆ ಮತ್ತೆ ಜ್ವರ ಬಂದಾಗ ತಲೆದೆಸೆಯಲ್ಲಿಟ್ಟಳು. ಆಮೇಲೆ ಬೀದಿಯ ಮಕ್ಕಳಿಗೆಲ್ಲ ಅದೇ ಆಯಿತು. "ಡಾಕ್ಟ್ರ ಮಾತ್ರೆನೂ ತಪ್ಪಿಸ್ಬ್ಯಾಡಿ" ಎಂದು ಗದರಿಸಿಯೇ ಕೊಡುತ್ತಿದ್ದಳು.

ಹೋದ ವರ್ಷ ಟಿವಿಯಲ್ಲಿ ಅಂಥದೇ ಬಿಲ್ಲೆ ಕಂಡಳು. ದೇವರ ಮಾತಲ್ಲವಂತೆ. ಸಾವಿರಾರು ವರ್ಷದ ಹಿಂದಿನವರು ಬರೆದದ್ದಂತೆ, ಯುದ್ಧದಲ್ಲಿ ಲೂಟಿಯಾದದ್ದಂತೆ, ಇಟ್ಟುಕೊಂಡವರಿಗೆ ಜೈಲಂತೆ. ಅಂದಿನಿಂದ ನಿದ್ದೆ ಹಾರಿಹೋಯಿತು. ಎಸೆಯಲು ಮನಸ್ಸು ಒಪ್ಪಲಿಲ್ಲ. ಕೊಡಲು ಧೈರ್ಯ ಬರಲಿಲ್ಲ.

"ಇನ್ನೊಂದು ಸಲ ನೆನಪು ಮಾಡ್ಕೊಳ್ಳಿ ಅಮ್ಮ" ಎಂದ ಯತೀಶ್.

"ಏನೂ ಇಲ್ಲ ಸಾ. ಆಣೆಗೂ ಇಲ್ಲ."

ಆ ಗಳಿಗೆಗೇ ಪಕ್ಕದ ಮನೆಯ ದೇವಿರಮ್ಮ ಮೊಮ್ಮಗುವನ್ನು ಎದೆಗವಚಿಕೊಂಡು ನುಗ್ಗಿದಳು.

"ಜಾನ್ ಬೀ, ಮೊಗ ಕೆಂಡ ಆಗೈತೆ ಕಣಮ್ಮ! ಸೂಜಿ ಆಕ್ಸ್ಕಂಡೇ ಬಂದೆ. ಆ ನಿನ್ ಬಾಗ್ದಾದಿನ ಬಿಲ್ಲೆ ಕೊಡು, ತಲೆದೆಸೇಲಿ ಮಡಿಕತೀನಿ!"

ಪೇದೆ ಎದ್ದು ನಿಂತ. ಆಗಷ್ಟೇ ದೇವಿರಮ್ಮನಿಗೆ ಖಾಕಿ ಕಂಡದ್ದು. "ಅಯ್ಯೋ, ನನ್ ಬಾಯ್ಗೆ ಮಣ್ಣಾಕ" ಎಂದು ಜಗಲಿಯ ಮೇಲೆ ಕುಸಿದಳು.

ಇನ್ನೇನು ಉಳಿಯಿತು? ಜಾನ್ ಬೀ ಒಳಗೆ ಹೋದಳು. ಗಂಟು ತಂದು, ಹಿಟ್ಟು ಕೊಡವಿ, ಚಾಪೆಯ ಮೇಲಿಟ್ಟಳು.

"ನನ್ ಗಂಡ ಕದ್ದಿಲ್ಲ ಸಾ. ಜೈಲಿಗೆ ನನ್ನ ಕರ್ಕಂಡೋಗಿ. ಅವ್ರನ್ನ ಮಾತ್ರ ಕಳ್ಳ ಅಂತ ಬರೀಬ್ಯಾಡಿ."

ಹೊರದೇಶದ ಹೆಂಗಸು ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ತುಟಿ ಅಲುಗಿಸುತ್ತ ಗೀರುಗಳನ್ನು ಬೆರಳಿಂದ ಹಿಂಬಾಲಿಸಿದಳು. ಕೊನೆಗೆ ಬಂದಾಗ ಬೆರಳು ನಿಂತಿತು. ಏನೋ ಕೇಳಿದಳು.

"ಇದನ್ನು ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಕೇಳ್ತಿದ್ದಾರೆ."

"ತಿಳೀದೆ ಮಾಡ್ದೆ ಸಾ. ಜ್ವರ ಬಂದ ಮಕ್ಳ ತಲೆದೆಸೇಲಿ ಇಡ್ತಿದ್ದೆ. ನೀರು ಮಾತ್ರ ಸೋಕ್ಸಿಲ್ಲ."

ಯತೀಶ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಹೆಂಗಸಿನ ಕಣ್ಣು ತುಂಬಿ ಬಂತು. ಚೀಲದಿಂದ ಅಂಚು ಸವೆದ ಪುಸ್ತಕವೊಂದನ್ನು ತೆಗೆದು, ಒಂದು ಪುಟ ತೆರೆದು, ಓದಿ ಹೇಳಿದಳು.

"ಈ ಪುಸ್ತಕ ಅವರ ತಂದೆಯದು" ಎಂದ ಯತೀಶ್. ಅವನ ದನಿ ಬದಲಾಗಿತ್ತು. "ಮ್ಯೂಸಿಯಂನಲ್ಲಿದ್ದವರು. ಲೂಟಿಯ ವಾರ ಕೈಗೆ ಸಿಕ್ಕಿದ್ದನ್ನು ನಂಬಿಕಸ್ಥರ ಹತ್ತಿರ ಬಚ್ಚಿಟ್ಟರಂತೆ. ಅವರು ಹೋದಮೇಲೆ ಈಚೆಗೆ ಈ ಪುಸ್ತಕ ಸಿಕ್ಕಿತಂತೆ. ಇಲ್ಲಿ ಬರೆದಿದ್ದಾರೆ: 'ಮದ್ದೂರಿನ ನಯಾಜ್, ಒಳ್ಳೆಯವನು. ಮಗಳಿಗೆ ಜ್ವರ. ಅದಕ್ಕೇ ಇದನ್ನು ಆರಿಸಿ ಕೊಟ್ಟೆ.'"

ಜಾನ್ ಬೀಗೆ ಅರ್ಥವಾಗಲಿಲ್ಲ. ಗಂಡ ಕಳ್ಳನಲ್ಲ ಎಂಬುದೊಂದೇ ತಲೆಗೆ ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುಖ ಎತ್ತಿದಾಗ ಆ ಹೆಂಗಸು, ದೇವಿರಮ್ಮ ಜಗಲಿಯಲ್ಲಿ ಮಲಗಿಸಿದ್ದ ಮಗುವಿನ ಪಕ್ಕ ಕೂತು, ಬಿಲ್ಲೆಯನ್ನು ಮೆಲ್ಲಗೆ ಅದರ ತಲೆದೆಸೆಗೆ ಇಡುತ್ತಿದ್ದಳು.

"ಅದರಲ್ಲಿ ಏನೈತೆ ಸಾ?" ಎಂದು ದೇವಿರಮ್ಮ ಕೇಳಿದಳು.

"ನಾಲ್ಕು ಸಾವಿರ ವರ್ಷದ ಹಿಂದೆ ಬರೆದದ್ದಂತೆ ಅಮ್ಮ," ಎಂದ ಯತೀಶ್, "'ಮಗುವಿನ ಮೈಯ ಬೆಂಕಿಯೇ, ಇಳಿದು ಹೋಗು' ಅಂತ ಶುರುವಾಗುತ್ತೆ, 'ಇದನ್ನು ಅದರ ತಲೆದೆಸೆಯಲ್ಲಿ ಇಡಿ' ಅಂತ ಮುಗಿಯುತ್ತೆ."