ಕುಸುಮಾಳ ವಂದನಾರ್ಪಣೆ

ಮೈಕ್ ಮುಂದೆ ತನ್ನ ದನಿ ನಡುಗಿದರೆ ಮಕ್ಕಳಿಗೇನೋ ಕೇಳಿಸುವುದಿಲ್ಲ, ಆದರೆ ಅವರ ಅಪ್ಪ ಅಮ್ಮಂದಿರಿಗೆ ಕೇಳಿಸುತ್ತದಲ್ಲ ಎಂಬುದೇ ಚೈತನ್ಯಾಳ ಚಿಂತೆ. ಕಿವುಡ ಮಕ್ಕಳ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಕೈಸನ್ನೆಯನ್ನು ಮಾತಾಗಿಸುವುದು, ವೇದಿಕೆಯ ಮಾತನ್ನು ಮಕ್ಕಳಿಗೆ ಸನ್ನೆಯಲ್ಲಿ ಹೇಳುವುದು ಅವಳ ಕೆಲಸ. ಮುಖ್ಯ ಅತಿಥಿಯಾಗಿದ್ದ ನಾಯಂಡಹಳ್ಳಿಯ ಗೋಡೌನ್ ಮಾಲೀಕರು ಆಗಷ್ಟೇ, "ಪಾಪ, ಈ ಮಕ್ಕಳ ಡ್ಯಾನ್ಸ್ ನೋಡಿ ಕಣ್ಣಲ್ಲಿ ನೀರು ಬಂತು" ಎಂದು ಕೂತಿದ್ದರು. ಅದನ್ನೂ ಅವಳು ಹಾಗೆಯೇ ಮಕ್ಕಳಿಗೆ ತಿಳಿಸಿದ್ದಳು.

ವಂದನೆ ಹೇಳಲು ಬಂದ ಹತ್ತನೇ ತರಗತಿಯ ಕುಸುಮಾ, ಕುಣಿದ ಬೆವರಿನಲ್ಲೇ, ಕಲಿಸಿದ್ದನ್ನು ಬಿಟ್ಟು ಅತಿಥಿಗಳ ಕಡೆ ತಿರುಗಿದಳು. ಕೈಗಳು ಸರಸರನೆ ಆಡಿದವು. ಕೊನೆಗೆ ತಲೆ ತಗ್ಗಿಸಿ, ಅಂಗೈ ಮೇಲೆ ಹೆಬ್ಬೆರಳು ಉಜ್ಜಿ ತೋರಿಸಿದಾಗ ಮುಂದಿನ ಸಾಲಿನ ಮಕ್ಕಳು ಗೊಳ್ಳೆಂದು ನಕ್ಕರು.

"ಏನಂತೆ ಮಗೂದು?" ಅತಿಥಿಗಳೂ ನಕ್ಕರು.

ಹೆಡ್‌ಮಿಸ್ ಬಸವರಾಜೇಶ್ವರಿ ಚೈತನ್ಯಾಳ ಕಿವಿಯ ಬಳಿ ಬಗ್ಗಿದರು. "ಥ್ಯಾಂಕ್ಸ್ ಅಂತಿದಾಳೆ ಅಂದ್ಬಿಡಮ್ಮ. ಯಾರಿಗ್ ಗೊತ್ತಾಗತ್ತೆ?"

ಕುಸುಮಾಳಿಗೆ ಗೊತ್ತಾಗುತ್ತಿತ್ತು. ಅವಳು ಚೈತನ್ಯಾಳ ತುಟಿಗಳನ್ನೇ ನೋಡುತ್ತಾ ನಿಂತಿದ್ದಳು. ಚೈತನ್ಯಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ದನಿ ನಡುಗಿತು, ನಡುಗಲಿ ಬಿಡು ಎಂದುಕೊಂಡಳು.

"ಸಾರ್, ನೀವು ನಮ್ಮ ಡ್ಯಾನ್ಸ್ ನೋಡ್ಲೇ ಇಲ್ಲ. ಪೂರ್ತಿ ಫೋನ್ ನೋಡ್ತಾ ಇದ್ರಿ. ಇನ್ನೊಂದ್ಸಲ ಮಾಡ್ತೀವಿ. ಈಗ ನೋಡಿ, ಆಮೇಲೆ ಬೇಕಾದ್ರೆ ಅಳಿ."