ಆಸೆಯಿಲ್ಲದವರ ಅನುದಾನ

ಯುವಜನರ ಸ್ವಯಂಸೇವೆಗೆ ಸರ್ಕಾರ ಅನುದಾನ ಕೊಡುವ ಮುನ್ನ ಅರ್ಜಿದಾರರ ಮಣಿಕಟ್ಟಿಗೆ ನಿಸ್ವಾರ್ಥಮಾಪಕ ಕಟ್ಟುವುದು ವಾಡಿಕೆ. ಅಂದು ಮೊದಲ ಸರದಿ ನೂರ್‌ಜಹಾನ್ ಸನದಿಯದು. ಶಾಲೆ ಬಿಟ್ಟ ಹುಡುಗಿಯರಿಗೆ ಆಕೆ ಪುಕ್ಕಟೆಯಾಗಿ ಹೊಲಿಗೆ ಕಲಿಸುತ್ತಿದ್ದಳು. ಮಾಪಕದಲ್ಲಿ ಕೆಂಪು ದೀಪ ಹೊತ್ತಿತು.

“ನಿಮ್ಮ ಮನಸಿನ್ಯಾಗ ಆಸೆ ಐತ್ರಿ,” ಎಂದರು ಅಧಿಕಾರಿ ಹಂಚಿನಮನಿ.

“ಐತ್ರಿ ಸಾಹೇಬ್ರ. ಗಾಳಿಗೆ ತಗಡು ಹಾರಿಹೋಗೇತಿ. ಹುಡುಗ್ಯಾರು ಬಿಸಿಲಾಗ ಕುಂತು ಹೊಲೀತಾರ. ಒಂದು ಸೂರು ಬೇಕಾಗಿತ್ತು.”

“ಸೂರಿನ ಆಸೆನೂ ಆಸೆನ ಅಲ್ರೀ? ನಿಸ್ವಾರ್ಥಿಗಳಿಗಷ್ಟ ಅನುದಾನ.”

ಪಕ್ಕದ ಕುರ್ಚಿಯಲ್ಲಿ ಶಾಸಕರ ಅಣ್ಣನ ಮಗ ವಿಶ್ವಜಿತ್ ತೂಕಡಿಸುತ್ತಿದ್ದ. ಮುಂದಿನ ಸರದಿ ಅವನದು; ಮಣಿಕಟ್ಟಿಗೆ ಮಾಪಕ ಕಟ್ಟಿದೊಡನೆ ಹಸಿರು ದೀಪ ಬೆಳಗಿತು. ಹಂಚಿನಮನಿ ಎದ್ದು ನಿಂತು ಹಾರ ಹಾಕಿದರು, ಮಂಜೂರಾತಿ ಪತ್ರವನ್ನು ಅವನ ಮಡಿಲಲ್ಲಿಟ್ಟು ಕೈಮುಗಿದರು.

ಹೊರಟಿದ್ದ ನೂರ್‌ಜಹಾನ್‌ಳನ್ನು ವಿಶ್ವಜಿತ್ ಕಣ್ಣುಜ್ಜಿಕೊಳ್ಳುತ್ತ ಕೇಳಿದ: “ಅಕ್ಕಾರ, ಇದನ್ನ ಎದಕ್ಕ ಕೊಟ್ರು?”

“ನೀ ಏನೂ ಮಾಡಬಾರದಂತ, ತಮ್ಮಾ,” ಎಂದಳು ಆಕೆ.