ಯಜಮಾನನ ಒಪ್ಪಿಗೆ

ಯಜಮಾನ ಹೂಂ ಅನ್ನದೆ ಆ ಕಾಡಿನ ಬುಡಕಟ್ಟು ಹಾಡಿಯಲ್ಲಿ ಯಾರೂ ಡಾಕ್ಟರಿಗೆ ಬಾಯಿ ತೋರಿಸುವುದಿಲ್ಲ. ಹೊಗೆಸೊಪ್ಪು ಜಗಿಯುವ ಜನರನ್ನು ಕ್ಯಾನ್ಸರ್ ತಪಾಸಣೆಗೆ ಒಪ್ಪಿಸಲು ನರ್ಸ್ ಐದನೇ ಸಲ ಬೆಟ್ಟ ಹತ್ತಿ ಬಂದಿದ್ದಳು. ಮುದುಕ ಯಜಮಾನ ಎಂದಿನಂತೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವಳು ಹೇಳಿದ್ದಕ್ಕೆಲ್ಲ ಬೇಡವೆಂದು ತಲೆಯಾಡಿಸಿದ.

ಅವಳಿಗೆ ಸಾಕಾಗಿಹೋಗಿತ್ತು. ಬಾಯಿ ನೋಡಲು ತಂದಿದ್ದ ಟಾರ್ಚನ್ನು ಚೀಲಕ್ಕೆ ಹಾಕಿದಳು.

"ಇನ್ನು ನಾನು ಬರಲ್ಲ ಯಜಮಾನ್ರೇ. ಆದ್ರೆ ನಮ್ಮನ್ನ ಕಂಡ್ರೆ ಯಾಕಿಷ್ಟು ಅಸಹ್ಯ? ಆ ಟವೆಲ್ ತೆಗೆದು, ಒಂದು ಸಲ ಬೈದಾದ್ರೂ ಬಿಡಿ."

ಮುದುಕ ತಲೆ ತಗ್ಗಿಸಿದ. ಒಲೆಯ ಮುಂದಿದ್ದ ಅವನ ಹೆಂಡತಿ ಎದ್ದು ಬಂದು, ಗಂಡನ ಟವೆಲ್ಲನ್ನು ತಾನೇ ಮೆಲ್ಲಗೆ ಸರಿಸಿದಳು.

"ಟಾರ್ಚ್ ತಗಿಯವ್ವ. ಬಯ್ಯಾಕೆ ಇವ್ರ ನಾಲ್ಗೆ ಎಲ್ಲುಳ್ದದೆ, ನೀನೇ ನೋಡು."